ಕಾಲು ಮುಂದಾಗಿ ಹುಟ್ಟಿದವಳು

ನಮ್ಮ ಮನೆಯಲ್ಲಿ ಎರಡು ಔಷಧಗಳಿದ್ದವು. ಒಂದು ಆಯಿಯ ಕೈ, ಇನ್ನೊಂದು ನನ್ನ ಬಲಗಾಲು. ಆಯಿ ಅಂದರೆ ಅಪ್ಪನ ತಾಯಿ. ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ನನ್ನ ಓರಗೆಯವರಲ್ಲಿ ಅರ್ಧಕ್ಕರ್ಧ ಮಂದಿ ಆಕೆಯ ಅಂಗೈಗೆ ಬಿದ್ದೇ ಲೋಕ ನೋಡಿದವರು. ನನ್ನ ಕಾಲಿನ ಕತೆ ಆಮೇಲೆ ಹೇಳುತ್ತೇನೆ, ಮೊದಲು ಮನೆ. ಅದೇನು ಹೇಳಿಕೊಳ್ಳುವಂಥ ಮನೆಯಲ್ಲ. ಮುಂದೆ ಕರಿಮಣ್ಣಿನ ಅಂಗಳ, ಅಂಗಳ ದಾಟಿದರೆ ಪಡಸಾಲೆ, ಪಡಸಾಲೆಯ ಹಿಂದೆ ಒಂದೇ ಬೆಳಕಿಂಡಿಯ ಅಡುಗೆಮನೆ, ಅದರ ಮಗ್ಗುಲಿಗೆ ಬಚ್ಚಲು, ತಲೆಯ ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯ ಗೋಡೆಗೆ ಅಪ್ಪ ಬುದ್ಧನ ಫೋಟೋ ಹಾಕಿದ್ದ. ಫೋಟೋದ ಕೆಳಗಿನ ಗೂಡಿನಲ್ಲಿ ಆಯಿ ತನ್ನ ಎಣ್ಣೆ ಬಾಟಲಿಗಳನ್ನು ಇಟ್ಟಿದ್ದಳು. ಬೆಳಿಗ್ಗೆ ಅಪ್ಪ ಫೋಟೋಕ್ಕೆ ಕೈ ಮುಗಿದರೆ ಬಾಟಲಿಗಳಿಗೂ ಮುಗಿದಂತೆ ಆಗುತ್ತಿತ್ತು. ಅದಕ್ಕೆ ಅಪ್ಪನಿಗೆ ಸಿಟ್ಟು, ಆಯಿಗೆ ನಗು. ಮನೆ ತುಂಬ ಕುಸುಬಿ ಎಣ್ಣೆಯ ವಾಸನೆ. ನನ್ನ ಪಾಟಿಚೀಲಕ್ಕೂ ಅದೇ ವಾಸನೆ, ಹೊದೆಯುವ ಕೌದಿಗೂ ಅದೇ. ಈಗಲೂ ಎಲ್ಲಾದರೂ ಕುಸುಬಿ ಎಣ್ಣೆ ಕಾದರೆ ನನಗೆ ಮೊದಲು ನೆನಪಾಗುವುದು ಅಡುಗೆಯಲ್ಲ, ಮಂದಿಯ ಬೆನ್ನುಗಳು.

ಆಯಿ ತನ್ನ ಕೆಲಸಕ್ಕೆ ಹೆಸರಿಟ್ಟವಳಲ್ಲ. ಎಲ್ಲದಕ್ಕೂ ಒಂದೇ ಮಾತು, ತಿಕ್ಕುವುದು. ಆದರೆ ಒಂದೊಂದು ಮೈಗೆ ಆಕೆಯ ಹತ್ತಿರ ಒಂದೊಂದು ಕೈ ಇತ್ತು. ಕೂಸಿಗೆ ಎರೆಯುವಾಗ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲಿನ ಕೆಳಗೆ ಎರಡೂ ಕಾಲಿನ ನಡುವೆ ಮಲಗಿಸಿಕೊಂಡು, ಎದೆಯ ನಡುವಿನಿಂದ ಎರಡೂ ಮಗ್ಗುಲಿಗೆ ಬೆಚ್ಚನೆ ಎಣ್ಣೆ ಸವರುತ್ತಿದ್ದಳು. ಅದರಲ್ಲಿ ಒತ್ತುವ ಮಾತೇ ಇಲ್ಲ, ಬರೀ ಸವರುವುದು. ಎರೆಸಿಕೊಂಡ ಕೂಸು ಅರ್ಧ ದಿನ ಎಚ್ಚರವಿಲ್ಲದೆ ಮಲಗುತ್ತಿತ್ತು, ಅಷ್ಟು ಹೊತ್ತು ತಾಯಿಯೂ ಮಲಗುತ್ತಿದ್ದಳು. ಬಾಣಂತಿಗೆ ಬೇರೆ ಕೈ. ಸೊಂಟಕ್ಕೂ ತೊಡೆಗೂ ಅಂಗೈಯ ಬುಡದಿಂದ ಬಿಗಿಯಾಗಿ ಮೇಲಕ್ಕೆ ಒತ್ತಿ, ಸುಡುಸುಡು ನೀರು ಹಾಕಿ, ಕೆಂಡದ ಮೇಲಿನ ಹೊರಸಿಗೆ ಕಳಿಸುತ್ತಿದ್ದಳು. ತೊಗರಿ ಕೊಯ್ದು ಬಂದ ಹೆಂಗಸರ ಮೀನಖಂಡಗಳನ್ನು ಹಿಂಡುತ್ತಿದ್ದಳು. ಉಳುಕಿದ ಕಾಲಿಗೆ ಬರೀ ಹೆಬ್ಬೆರಳು, ಅದೂ ನೋವಿದ್ದ ಜಾಗದಲ್ಲಿ ಅಲ್ಲ, ಸುತ್ತಮುತ್ತ. ತಲೆನೋವಿಗೆ ನೆತ್ತಿಯ ಮೇಲೆ ಎಣ್ಣೆ ಬಿಟ್ಟು ತಟ್ಟುವುದು. ಒಮ್ಮೆ ಯಡ್ರಾಮಿಯ ಕಡೆಯಿಂದ, ನಮ್ಮವ್ವನ ತವರಿನ ಸಂಬಂಧದ ಹೆಂಗಸೊಬ್ಬಳು ಬಂದಳು. ಕೂಸು ಸತ್ತು ತಿಂಗಳಾಗಿತ್ತು, ಮೈಯಲ್ಲಿ ಎಲ್ಲಿ ನೋವೆಂದು ಹೇಳಲು ಅವಳಿಗೆ ಬರಲಿಲ್ಲ. ಆಯಿ ತಿಕ್ಕಲೇ ಇಲ್ಲ. ಅವಳ ಎರಡೂ ಅಂಗಾಲುಗಳನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಳು. ಅವ್ವ ಒಂದು ಬುಟ್ಟಿ ರೊಟ್ಟಿ ಬಡಿದು ಮುಗಿಸುವವರೆಗೂ ಕುಳಿತಿದ್ದಳು.

ಆಯಿಗೆ ಎರಡೇ ನಿಯಮ. ಕೈ ಮೊದಲು ಕೇಳಬೇಕು, ಆಮೇಲೆ ಒತ್ತಬೇಕು ಎನ್ನುವುದು ಒಂದು. ಅಂದರೆ ಮೈಮೇಲೆ ಕೈಯಿಟ್ಟು ಒಂದಷ್ಟು ಹೊತ್ತು ಏನೂ ಮಾಡದೆ ಇರಬೇಕು. ಎಲ್ಲಿ ಬಿಸಿ, ಎಲ್ಲಿ ಬಿಗಿ, ಎಲ್ಲಿ ಮೈ ತನ್ನಷ್ಟಕ್ಕೆ ಹಿಂದೆ ಸರಿಯುತ್ತದೆ ಎಂದು ತಿಳಿಯಬೇಕು. ಎರಡನೆಯದನ್ನು ಆಕೆ ನನ್ನ ತಲೆ ಬಾಚುವಾಗ, ರೊಟ್ಟಿ ಮುರಿದು ಕೊಡುವಾಗ, ಹೊತ್ತಿಲ್ಲ ಗೊತ್ತಿಲ್ಲ, ಹೇಳುತ್ತಲೇ ಇರುತ್ತಿದ್ದಳು.

"ಬಿದ್ದ ಮೈ ತುಳೀಬಾರದು ಕಮಳಿ. ಒಳಗ ಎಲುಬು ಹೆಂಗ ಕುಂತದೋ ಯಾರಿಗೆ ಗೊತ್ತು?"

ಗಿಡದಿಂದ, ಬಂಡಿಯಿಂದ ಬಿದ್ದವರು ಯಾರೇ ಬರಲಿ, ಆಯಿ ಮುಟ್ಟುತ್ತಿರಲಿಲ್ಲ. ಮೊದಲು ಆಳಂದದ ದವಾಖಾನೆಗೆ ಹೋಗಿ ತೋರಿಸಿಕೊಂಡು ಬರ್ರಿ ಎಂದು ಅಂಗಳದಿಂದಲೇ ಕಳಿಸುತ್ತಿದ್ದಳು. ಈ ಮಾತು ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಅದನ್ನು ಇಲ್ಲಿ ಮೊದಲೇ ಬರೆದಿಡುತ್ತೇನೆ, ಆಮೇಲೆ ಯಾರೂ ಪಾಪ ಹುಡುಗಿ, ಅವಳಿಗೇನು ಗೊತ್ತು ಎನ್ನಬಾರದು.

ಇನ್ನು ನನ್ನ ಕಾಲು. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದೆನಂತೆ. ಹಾಗೆ ಹುಟ್ಟಿದವರನ್ನು ನಮ್ಮ ಕಡೆ, ಮರಾಠಿ ಗಾಳಿ ಬೀಸುವ ಊರುಗಳಲ್ಲಿ, ಪಾಯಾಳು ಅನ್ನುತ್ತಾರೆ. ಯಾರಿಗಾದರೂ ಸೊಂಟದಲ್ಲಿ ಚಳಕು ಹಿಡಿದು ಬಗ್ಗಲು ಏಳಲು ಬರದಿದ್ದರೆ, ಪಾಯಾಳು ಹುಟ್ಟಿದವರು ಬೆನ್ನಿನ ಮೇಲೆ ಮೂರು ಸಲ ಹಿಮ್ಮಡಿ ಊರಬೇಕು, ಚಳಕು ಬಿಡುತ್ತದೆ ಎಂಬ ನಂಬಿಕೆ. ಮೊದಲಿಬ್ಬರೂ ಹೆಣ್ಣು, ಮೂರನೆಯದೂ ಹೆಣ್ಣು ಎಂದು ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಹೆರಿಗೆ ಮಾಡಿಸಿದ ಆಯಿ, ಹೆಣ್ಣಾದ್ರೇನಾತು, ಪಾಯಾಳು ಅದ, ಊರೇ ಮನೀಗೆ ಬರ್ತದ ಎಂದಳಂತೆ. ಹಾಗೇ ಆಯಿತು. ನಾನು ನಡೆಯಲು ಕಲಿತದ್ದೇ ಮಂದಿಯ ಬೆನ್ನಿನ ಮೇಲೆ ಎಂದು ಅಕ್ಕಂದಿರು ಹಂಗಿಸುತ್ತಿದ್ದರು. ಅವರಿಗೆ ಹೊಟ್ಟೆಕಿಚ್ಚು, ಅವರು ಸಗಣಿ ಬಳಿಯುವಾಗ ನಾನು ಕಾಲು ತೊಳೆಸಿಕೊಳ್ಳುತ್ತಿದ್ದೆ.

ರವಿವಾರ ಬೆಳಿಗ್ಗೆ ನಾನು ಉಪವಾಸವಿರಬೇಕು. ಅಂಗಳದಲ್ಲಿ ನಾಲ್ಕೋ ಆರೋ ಮಂದಿ ಸೊಂಟ ಹಿಡಿದುಕೊಂಡು ಕುಳಿತಿರುತ್ತಿದ್ದರು. ಒಬ್ಬೊಬ್ಬರೇ ಬೋರಲು ಮಲಗುವರು, ಆಯಿ ಕೈಯಿಟ್ಟು ಕೇಳುವಳು, ನಂತರ ನನ್ನನ್ನು ಕರೆಯುವಳು. ಅಂಗಳದ ಕಡೆ ಚಾಚಿಕೊಂಡ ಮಾಳಿಗೆಯ ತೊಲೆಗೆ ಕಟ್ಟಿದ ಹಗ್ಗ ಹಿಡಿದು ನಾನು ಮೂರು ಸಲ ಹಿಮ್ಮಡಿ ಊರಿ ಇಳಿಯುತ್ತಿದ್ದೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು, ಶೇಂಗಾ ಹಿಂಡಿಯ ವಾಸನೆ. ನನ್ನ ಕಾಲು ಬೆನ್ನಿನ ಮೇಲೆ, ಧ್ಯಾಸವೆಲ್ಲ ಒಲೆಯ ಮೇಲೆ. ದುಡ್ಡು ಮುಟ್ಟಬಾರದು, ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ ಎಂದು ಆಯಿ ಯಾರಿಂದಲೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಉಂಡೆ ಬೆಲ್ಲವೋ ಒಂದು ಗಿಂಡಿ ಎಣ್ಣೆಯೋ ಸಾಕು. ಗಾಣಗಾಪುರದ ಲಾಜಿನಲ್ಲಿ ಅಡುಗೆ ಮಾಡುವವನೊಬ್ಬ ಅಲ್ಲಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದ. ಊರಿನ ಗೌಡರೂ ಬರುತ್ತಿದ್ದರು. ನಮ್ಮ ಮನೆಯ ನೀರು ಕುಡಿಯದ ಮನುಷ್ಯ. ನಮ್ಮ ನೆಲ ಮುಟ್ಟಬಾರದೆಂದು ಮಲಗಲು ತನ್ನ ಮನೆಯಿಂದಲೇ ಗೋಣಿತಟ್ಟು ತರಿಸುತ್ತಿದ್ದರು. ಅದರ ಮೇಲೆ ಬೋರಲು ಬಿದ್ದು, ನನ್ನ ಕಾಲನ್ನು ಬೆನ್ನ ಮೇಲೆ ಇರಿಸಿಕೊಂಡು, ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದರು. ನಗು ಬರುತ್ತದೆ ಈಗ. ಆಗ ಬರುತ್ತಿರಲಿಲ್ಲ, ಆಗ ನನಗೆ ಅದು ದೊಡ್ಡ ಮರ್ಯಾದೆ ಅನ್ನಿಸುತ್ತಿತ್ತು.

ಅಪ್ಪ ಒಬ್ಬನಿಗೆ ಇದು ಸೇರುತ್ತಿರಲಿಲ್ಲ. ಅಪ್ಪನ ಹೆಸರು ಶರಣಪ್ಪ. ನಮಗೆ ಇದ್ದ ಚೂರು ಹೊಲದ ಜೊತೆಗೆ ಗೌಡರ ಹೊಲದಲ್ಲೂ ದುಡಿಯುತ್ತಿದ್ದ. ಬುದ್ಧನ ಫೋಟೋ ತಂದ ದಿನವೇ ಮನೆಯಿಂದ ತಾಯತ, ಲಿಂಬೆಹಣ್ಣು ಎಲ್ಲ ಹೊರಗೆ ಹಾಕಿದವನು, ನನ್ನ ಕಾಲನ್ನು ಹೊರಗೆ ಹಾಕಲು ಅವನಿಗಾಗಲಿಲ್ಲ. ರವಿವಾರ ಬಂದರೆ ಹೊಸ್ತಿಲಲ್ಲಿ ಕುಳಿತು ಗೊಣಗುತ್ತಿದ್ದ.

"ಅಕಿ ಕಾಲಿಗೆ ಒಂದು ಚಪ್ಪಲ್ ಕೊಡಸೂಣ, ಸಾಲಿಗೆ ಹೋಗ್ಲಿ. ಮಂದಿ ಬೆನ್ನ ತುಳಿಯಾಕ ಹುಟ್ಟಿಲ್ಲ ಅಕಿ."

"ಅವರ ಹೊಲದಾಗ ನಾವು ಬೆನ್ನ ಬಗ್ಗಸ್ತೇವಿ. ವಾರಕ್ಕೊಮ್ಮಿ ಅವರು ಇಲ್ಲಿ ಬಂದು ಬಗ್ಗಸ್ತಾರ. ನಿನಗೇನ್ ತ್ರಾಸ?" ಎನ್ನುತ್ತಿದ್ದಳು ಆಯಿ.

ಈ ಜಗಳ ಪ್ರತಿ ವಾರ ನಡೆಯುತ್ತಿತ್ತು, ಪ್ರತಿ ವಾರ ಆಯಿಯೇ ಗೆಲ್ಲುತ್ತಿದ್ದಳು. ನನಗೆ ಮಾತ್ರ ಅಪ್ಪನ ಮಾತು ಚುಚ್ಚುತ್ತಿತ್ತು. ಊರೆಲ್ಲ ನನ್ನ ಕಾಲನ್ನು ನಂಬುತ್ತದೆ, ಅಪ್ಪನೊಬ್ಬ ನಂಬುವುದಿಲ್ಲ. ಒಂದು ಸಲ, ಒಂದೇ ಒಂದು ಸಲ, ಅಪ್ಪನಿಗೂ ಚಳಕು ಹಿಡಿಯಲಿ ಎಂದು ನಾನು ಬೇಡಿಕೊಂಡದ್ದುಂಟು. ಯಾವ ದೇವರಲ್ಲಿ ಬೇಡಿಕೊಂಡೆನೋ ನೆನಪಿಲ್ಲ, ಬುದ್ಧನಲ್ಲಂತೂ ಅಲ್ಲ.

ನನಗೆ ಒಂಬತ್ತು ವರ್ಷ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಬೇಕು, ಇಲ್ಲದಿದ್ದರೆ ಸೋರುತ್ತದೆ. ಸವಳು ಮಣ್ಣು ಬೆಳ್ಳಗಿರುತ್ತದೆ, ನಮ್ಮ ಅಂಗಳದ ಕರಿಮಣ್ಣಿನ ಪಕ್ಕ ಸುರಿದರೆ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ನಮ್ಮಲ್ಲಿ ನಿಚ್ಚಣಿಕೆ ಇರಲಿಲ್ಲ. ಒಂದು ರವಿವಾರ ಇನ್ನೂ ಮಬ್ಬಿರುವಾಗಲೇ ಅಪ್ಪ ಗೌಡರ ದನದ ಕೊಟ್ಟಿಗೆಯಿಂದ ಅವರ ನಿಚ್ಚಣಿಕೆಯನ್ನು ಕೇಳದೆ ತಂದ. ಅವರು ಏಳುವುದರೊಳಗೆ ಇಟ್ಟು ಬಂದರಾಯಿತು ಎಂಬ ಲೆಕ್ಕ. ಅವ್ವ, ಅಕ್ಕಂದಿರು ನೀರಿಗೆ ಹೋಗಿದ್ದರು, ಆಯಿ ಎರಡು ಓಣಿಯಾಚೆ ಒಂದು ಕೂಸಿಗೆ ಎರೆಯಲು ಹೋಗಿದ್ದಳು. ನಾನು ಕೆಳಗೆ ನಿಂತು ಬುಟ್ಟಿಗೆ ಮಣ್ಣು ತುಂಬಿ ಕೊಡುತ್ತಿದ್ದೆ. ಐದನೆಯದೋ ಆರನೆಯದೋ ಬುಟ್ಟಿ ಹೊತ್ತು ಅಪ್ಪ ಮೇಲಿನ ಮೆಟ್ಟಿಲಿಗೆ ಕಾಲಿಟ್ಟಾಗ ಅದು ಲಟಕ್ಕೆಂದಿತು. ಅಪ್ಪ ಬುಟ್ಟಿಯ ಸಮೇತ ಮೇಲಿನಿಂದ ಬಿದ್ದು, ಸುರಿದ ಮಣ್ಣಿನ ರಾಶಿಯ ಅಂಚಿಗೆ ಕುಂಡೆಯೂರಿ ಕುಳಿತ. ಕೂಗಲಿಲ್ಲ. ಬಾಯಿ ತೆರೆದಿತ್ತು, ಉಸಿರು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ಬಂತು, ಮೊದಲು ನೋಡಿದ್ದು ನಿಚ್ಚಣಿಕೆಯನ್ನು.

"ಆಯಿಗೆ ಹೇಳಬ್ಯಾಡವ್ವ. ಗೌಡರ ನಿಚ್ಚಣಿಕಿ ಮುರದದ."

ನಾನು ತಲೆಯಾಡಿಸಿದೆ. ಅಪ್ಪ ಗೋಡೆ ಹಿಡಿದು ಎದ್ದ, ಅಂಗಿ ಕಳಚಿ ಬೇರೆ ಹಾಕಿಕೊಂಡ, ಮುರಿದ ಮೆಟ್ಟಿಲನ್ನು ಹಗ್ಗದಲ್ಲಿ ಸುತ್ತಿ, ನಿಚ್ಚಣಿಕೆಯನ್ನು ಹೊತ್ತು ಹೋಗಿ ಕೊಟ್ಟಿಗೆಯಲ್ಲಿಟ್ಟು ಬಂದ. ಹೊತ್ತುಕೊಂಡು ಹೋದ ಎಂದರೆ ಡಾಕ್ಟರರು ಈಗಲೂ ನಂಬುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ. ಬಂದವನು ಹೊಸ್ತಿಲಲ್ಲಿ ಕೂರಲಾಗದೆ ಕಂಬಕ್ಕೆ ಒರಗಿ ನಿಂತ.

ಬಿಸಿಲೇರುವ ಹೊತ್ತಿಗೆ ಆಯಿ ಬಂದಳು, ಮಂದಿಯೂ ಬಂದರು. ಗೌಡರೂ ಬಂದರು, ಗೋಣಿತಟ್ಟಿನ ಸಮೇತ. ಅಪ್ಪನ ಮುಖ ನೋಡಿ ಯಾರೋ ಏನಾಯಿತೆಂದು ಕೇಳಿದರು. ನಿನ್ನೆ ತೊಗರಿ ಚೀಲ ಎತ್ತುವಾಗ ಚಳಕು ಹಿಡಿದಿದೆ ಎಂದ ಅಪ್ಪ. ಅಂಗಳಕ್ಕೆ ಅಂಗಳವೇ ನಕ್ಕಿತು. ಗೌಡರಂತೂ ಬಿಡಲಿಲ್ಲ.

"ಮಗ್ಗಲದಾಗ ಮದ್ದು ಇಟಗೊಂಡು ನರಳಾಕತ್ತೀಯಲ್ಲೋ ಶರಣ್ಯಾ. ಮಗಳ ಕಾಲಿನ ಮ್ಯಾಲ ನಿನಗ ನಂಬಿಗಿ ಇಲ್ಲ ಅಂದ್ರ ನಾವ್ಯಾಕ ಬರಬೇಕು?"

ನಗೆ ನಿಂತಿತು. ಎಲ್ಲರೂ ಆಯಿಯ ಕಡೆ ನೋಡಿದರು. ಅಪ್ಪ ತನ್ನ ತಾಯಿಯ ಮುಖ ಒಮ್ಮೆ ನೋಡಿದ, ಅಂಗಿ ಬಿಚ್ಚಿದ, ಬಂದು ಅಂಗಳದ ನೆಲದ ಮೇಲೆ ಮೆಲ್ಲಗೆ ಬೋರಲು ಮಲಗಿದ. ಆಯಿ ಪಕ್ಕದಲ್ಲಿ ಕುಳಿತು ಸೊಂಟದ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಇಟ್ಟಿದ್ದಳು, ಯಾರಿಗೂ ಅಷ್ಟು ಹೊತ್ತು ಇಟ್ಟವಳಲ್ಲ. ಆಮೇಲೆ ಸೆರಗಿನಿಂದ ಅವನ ಬೆನ್ನು ಒರೆಸಿದಳು. ಬೆವರು ಒರೆಸುತ್ತಿದ್ದಾಳೆ ಅಂದುಕೊಂಡೆ. ಒರೆಸಿ, ನನ್ನ ಕಡೆ ತಿರುಗದೆ ಕರೆದಳು.

"ಬಾ ಬೇ ಕಮಳಿ."

ಅಲ್ಲಿ ನಾನು ಬಾಯಿ ತೆರೆಯಬೇಕಿತ್ತು. ಬಿದ್ದ ಮೈ ತುಳೀಬಾರದು ಆಯಿ, ಅಪ್ಪ ಬಿದ್ದಾನ. ಇಷ್ಟೇ ಮಾತು. ಗೌಡರು ಎದುರಿಗೇ ಇದ್ದರು, ನಿಚ್ಚಣಿಕೆ ಅವರದು, ಹೇಳಬೇಡ ಎಂದು ಅಪ್ಪನೇ ಹೇಳಿದ್ದ. ಹೆದರಿ ಸುಮ್ಮನಿದ್ದೆ ಎಂದು ನಾನು ಮೊದಮೊದಲು ನನಗೇ ಹೇಳಿಕೊಳ್ಳುತ್ತಿದ್ದೆ. ಅದು ಖರೆಯಲ್ಲ. ನನಗೆ ಹೆದರಿಕೆಯೇ ಆಗಿರಲಿಲ್ಲ. ನನಗೆ ಖುಷಿಯಾಗಿತ್ತು. ಅಪ್ಪ ಕಡೆಗೂ ನನ್ನ ಕಾಲಿನ ಕೆಳಗೆ ಬಂದು ಮಲಗಿದ್ದ. ಹಗ್ಗ ಹಿಡಿದು ಹತ್ತಿದೆ. ಗುಣ ಚೆನ್ನಾಗಿ ಆಗಲಿ ಎಂದು ಬೇರೆಯವರಿಗಿಂತ ಜೋರಾಗಿ ಊರಿದೆ. ಒಂದು, ಎರಡು. ಮೂರನೆಯ ಸಲ ಹಿಮ್ಮಡಿಯ ಕೆಳಗೆ ಏನೋ ಸರಿದಂತಾಯಿತು. ಅಪ್ಪನ ಎರಡೂ ಕೈ ನೆಲದ ಮಣ್ಣನ್ನು ಹಿಡಿದುಕೊಂಡಿದ್ದವು. ನಾನು ಇಳಿದೆ. ಅಪ್ಪ ಎದ್ದ, ನಾಲ್ಕು ಹೆಜ್ಜೆ ನಡೆದ, ಹಗುರಾತು ಎಂದ. ಅಂಗಳದಲ್ಲಿ ಎಲ್ಲರೂ ಹಾಂ ಎಂದರು. ಗೌಡರು ಗೋಣಿತಟ್ಟು ಹಾಸಿದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಪ್ಪ, ಕಾಲು ಜೋಮು ಹಿಡದಾವ ಎಂದ. ಪುಂಡಿಪಲ್ಯ ಬಡಿಸುತ್ತಿದ್ದ ಅವ್ವ, ಜರಾ ಚಾಚಿ ಕುಂದ್ರಿ ಎಂದಳು. ಚಾಚಲು ಆಗಲಿಲ್ಲ. ಕೈಯಿಂದ ಎತ್ತಿ ಚಾಚಿಕೊಂಡ. ಅವನು ತನ್ನ ಕಾಲನ್ನು ಬೇರೆ ಯಾರದೋ ಸಾಮಾನಿನಂತೆ ಎತ್ತಿಟ್ಟದ್ದು ನನ್ನ ಕಣ್ಣಿಗೆ ಕಟ್ಟಿದೆ. ಆ ದಿನದ ಮಿಕ್ಕದ್ದೆಲ್ಲ ಮಸುಕು. ಬಂಡಿ ಬಂತು, ಆಳಂದದಿಂದ ಜೀಪು, ಕಲಬುರ್ಗಿಯ ದೊಡ್ಡ ದವಾಖಾನೆ. ಬೆನ್ನಿನ ಎಲುಬು ಮುರಿದು ನರದ ಮೇಲೆ ಕುಳಿತಿದೆ ಎಂದರಂತೆ. ಅಪ್ಪ ಮನೆಗೆ ಬರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಮಾಳಿಗೆ ಆ ವರ್ಷ ಪೂರಾ ಸೋರಿತು. ಬಂದವನು ಎರಡು ಬಡಿಗೆ ಊರಿ ಸೊಂಟದಿಂದ ಕಾಲು ಎಳೆದುಕೊಂಡು ನಡೆಯುತ್ತಿದ್ದ. ಯಾರೂ ನನ್ನನ್ನು ಬಯ್ಯಲಿಲ್ಲ. ಯಾರೂ ಏನೂ ಕೇಳಲೂ ಇಲ್ಲ. ಅತ್ತೆನೋ ಇಲ್ಲವೋ ನೆನಪಿಲ್ಲ, ಅತ್ತಿರಲಿಕ್ಕಿಲ್ಲ. ಆ ವಯಸ್ಸಿನಿಂದ ಮುಂದೆ ನನ್ನಲ್ಲಿ ಏನೋ ಒಂದು ನಡೆಯುವುದನ್ನು ನಿಲ್ಲಿಸಿತು. ಅಕ್ಕಂದಿರ ಮದುವೆಯಲ್ಲಿ ಎಲ್ಲರೂ ಅಳುವಾಗ ನಾನು ಪಾತ್ರೆ ಎಣಿಸುತ್ತಿದ್ದೆ.

ರವಿವಾರ ಮಂದಿ ಮತ್ತೆ ಬಂದರು. ಆಯಿ ಅವರಿಗೆ, ಹುಡುಗಿಯ ಕಾಲಿಗೆ ಜಾಲಿಮುಳ್ಳು ಮುರಿದಿದೆ, ಗುಣ ಹೋಗಿದೆ ಎಂದಳು. ತೊಲೆಯ ಹಗ್ಗವನ್ನು ಬಿಚ್ಚಿ ಬಾವಿಯ ಕೊಡಕ್ಕೆ ಕಟ್ಟಿದಳು. ಅಷ್ಟಕ್ಕೇ ಒಂದು ಔಷಧ ಮುಗಿಯಿತು. ಉಳಿದದ್ದು ಕೈ. ದಿನಾ ಬೆಳಿಗ್ಗೆ ಅವ್ವ ಕುಸುಬಿ ಎಣ್ಣೆ ಬಿಸಿ ಮಾಡಿ ಕೊಡುವಳು. ಅಪ್ಪನ ಎಡಗಾಲು ಆಯಿಗೆ, ಬಲಗಾಲು ನನಗೆ. ಸತ್ತ ಕಾಲನ್ನು ತಿಕ್ಕುವ ಕೈ ಬೇರೆಯೇ ಎಂದು ಆಯಿ ಕಲಿಸಿದಳು. ಬೆರಳಿನಿಂದ ಶುರು ಮಾಡಿ ಹೃದಯದ ಕಡೆಗೆ, ಒತ್ತಡ ಕಡಿಮೆ, ಬೆರಳು ಒಂದೊಂದನ್ನೂ ಮಡಿಸಿ ಬಿಡಿಸುವುದು, ಹಿಮ್ಮಡಿಗೆ ಹುಣ್ಣಾಗದ ಹಾಗೆ ಕಾಯುವುದು. ಕಾಲಿಗೆ ತಿಳಿಯಲಿ ಬಿಡಲಿ, ರಕ್ತ ಓಡಾಡುತ್ತಿರಬೇಕು, ಕೀಲು ಬಿಗಿಯಬಾರದು. ತಿಕ್ಕುತ್ತ ನಾನು ಕೇಳುತ್ತಿದ್ದೆ:

"ಗೊತ್ತಾಗ್ತದೇನಪ್ಪ?"

"ಗೊತ್ತಾಗ್ತದವ್ವ."

ಪ್ರತಿ ದಿನ ಅದೇ ಪ್ರಶ್ನೆ, ಅದೇ ಉತ್ತರ. ಗೊತ್ತಾಗುತ್ತದೆ ಎಂದಾಗ ನನ್ನ ಬಲಗಾಲಿನ ತಪ್ಪನ್ನು ನನ್ನ ಕೈ ಸ್ವಲ್ಪ ಸ್ವಲ್ಪವೇ ತಿದ್ದುತ್ತಿದೆ ಅನ್ನಿಸುತ್ತಿತ್ತು. ಒಮ್ಮೆ ಅಪ್ಪ ನನ್ನ ಜೊತೆ ಮಾತಾಡುತ್ತಿದ್ದಾಗ ಆಯಿ, ನಾನು ತಿಕ್ಕುವ ಕಾಲಿನ ಅಂಗಾಲಿಗೇ ಮೆಲ್ಲಗೆ ಒಂದು ಜಾಲಿಮುಳ್ಳು ತಾಗಿಸಿದಳು. ಅಪ್ಪನ ಮುಖದಲ್ಲಿ ಏನೂ ಆಗಲಿಲ್ಲ. ಆಯಿ ಮುಳ್ಳನ್ನು ಒಲೆಗೆ ಹಾಕಿದಳು. ನಾನು ನೋಡಿದೆ, ನೋಡಿಲ್ಲವೆಂಬಂತೆ ತಿಕ್ಕಿದೆ. ಮರುದಿನ ಮತ್ತೆ ಕೇಳಿದೆ, ಅಪ್ಪ ಮತ್ತೆ ಗೊತ್ತಾಗ್ತದವ್ವ ಎಂದ.

ಆ ಕೈಯೇ ನನಗೆ ಅನ್ನ ಕೊಟ್ಟಿತು. ಆದ ಮದುವೆ ಉಳಿಯಲಿಲ್ಲ, ಅದು ಬೇರೆ ಕತೆ, ಅದರಲ್ಲಿ ಹೇಳುವಂಥದ್ದೂ ಏನಿಲ್ಲ. ಕಲಬುರ್ಗಿಗೆ ಬಂದು ಬಾಣಂತಿ ಮನೆಗಳಿಗೆ ಹೋಗುತ್ತಿದ್ದೆ, ಆಮೇಲೆ ಹೆಂಗಸರ ಮಸಾಜ್ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು, ತರಬೇತಿಗೂ ಕಳಿಸಿದರು. ಈಗ ಹೊಸ ಹುಡುಗಿಯರಿಗೆ ನಾನೇ ಕಲಿಸುತ್ತೇನೆ. ಗೋಡೆಯ ಮೇಲೊಂದು ಚಾರ್ಟು ಇದೆ: ಸ್ವೀಡಿಷ್, ಡೀಪ್ ಟಿಶ್ಯೂ, ಅಭ್ಯಂಗ, ಅಂಗಾಲು ಒತ್ತುವ ರಿಫ್ಲೆಕ್ಸಾಲಜಿ, ಥಾಯ್. ಒಂದೊಂದರ ಮುಂದೂ ಲಾಭಗಳ ಸಾಲು. ಮನಸ್ಸು ಹಗುರ, ಒಳ್ಳೆಯ ನಿದ್ದೆ, ಬಿಗಿದ ಸ್ನಾಯು ಸಡಿಲ. ಸುಳ್ಳೇನಲ್ಲ. ಆಯಿ ಕೂಸಿಗೆ ಸವರುತ್ತಿದ್ದುದಕ್ಕೂ ಸ್ವೀಡಿಷಿನ ಮೊದಲ ಪಾಠಕ್ಕೂ ಬಹಳ ದೂರವಿಲ್ಲ, ಮೀನಖಂಡ ಹಿಂಡುವುದಕ್ಕೆ ಅಲ್ಲಿ ಒಂದು ಉದ್ದನೆಯ ಹೆಸರಿದೆ ಅಷ್ಟೆ. ಚಾರ್ಟಿನಲ್ಲಿ ಇಲ್ಲದ್ದನ್ನು ನಾನು ಬಾಯಲ್ಲಿ ಹೇಳುತ್ತೇನೆ. ಮೊದಲು ಕೈಯಿಟ್ಟು ಕೇಳಿ. ಜ್ವರವಿದ್ದರೆ, ಕಾಲು ಬಾತಿದ್ದರೆ, ಬಿದ್ದು ಬಂದಿದ್ದರೆ ಮುಟ್ಟಬೇಡಿ, ಡಾಕ್ಟರ ಹತ್ತಿರ ಕಳಿಸಿ. ಬಿದ್ದಿಲ್ಲ ಅಂದರೂ ಎರಡು ಸಲ ಕೇಳಿ. ಕಾಲಿನಿಂದ ಬೆನ್ನು ತುಳಿಯುವ ಪಾಠ ಬಂದಾಗ ನಾನು ಹೊರಗೆ ಹೋಗುತ್ತೇನೆ, ಇನ್ನೊಬ್ಬಳು ಕಲಿಸುತ್ತಾಳೆ. ಕಮಳಾ ಮೇಡಮ್ಮಿಗೆ ಅದು ಬರುವುದಿಲ್ಲ ಎಂದು ಹುಡುಗಿಯರು ತಿಳಿದಿದ್ದಾರೆ. ಬಿದ್ದಾಗಲೇ ಕಾಲು ಹೋಗಿತ್ತೋ, ನನ್ನ ಹಿಮ್ಮಡಿಯಿಂದ ಹೋಯಿತೋ, ಬಂಡಿಯ ಕುಲುಕಾಟದಿಂದಲೋ ಎಂದು ಬೇರೆ ಯಾರದೋ ಕತೆಯಂತೆ ಎಷ್ಟೋ ಡಾಕ್ಟರರನ್ನು ಕೇಳಿದ್ದೇನೆ. ಯಾರಿಗೂ ಹೇಳಲು ಬರುವುದಿಲ್ಲ ಎನ್ನುತ್ತಾರೆ.

ಅವ್ವ ಹೋದ ಮೇಲೆ ಆಯಿಯನ್ನೂ ಅಪ್ಪನನ್ನೂ ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ಆಯಿ ತೊಂಬತ್ತರ ಹತ್ತಿರ ಬಂದಿದ್ದಳು. ಕಡೆಯ ವಾರಗಳಲ್ಲಿ ಆಕೆಯ ಕಾಲು ತಣ್ಣಗಾಗುತ್ತಿದ್ದವು. ಒಂದು ಮಧ್ಯಾಹ್ನ ಅಪ್ಪ ಹೊರಗಿನ ಕೋಣೆಯಲ್ಲಿ ಮಲಗಿದ್ದ, ನಾನು ಒಳಗೆ ಆ ಕಾಲುಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಆಯಿ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಅವತ್ತ ಅವನ ಬೆನ್ನಿಗೆ ಸವಳು ಮಣ್ಣ ಹತ್ತಿತ್ತು ಕಮಳಿ. ಸೊಂಟದಾಗ, ಧೋತರದ ಅಂಚಿನಾಗ. ತೊಗರಿ ಚೀಲ ಎತ್ತಿದವನ ಸೊಂಟಕ್ಕ ಬಿಳಿ ಮಣ್ಣ ಹೆಂಗ ಹತ್ತತದ? ಬಿದ್ದಾನ ಅಂತ ನನಗ ಗೊತ್ತಾತು. ಕೈಗೂ ಗೊತ್ತಾತು. ಗೌಡ ನೋಡಾಕತ್ತಿದ್ದ, ಮಂದಿ ನೋಡಾಕತ್ತಿದ್ರು. ಒರಸಿ ನಿನ್ನ ಕರದೆ."

ನನ್ನ ಕೈ ನಿಲ್ಲಲಿಲ್ಲ. ಇಷ್ಟು ವರ್ಷ ನಾನೊಬ್ಬಳೇ ಹೊತ್ತುಕೊಂಡದ್ದನ್ನು ಆಕೆಯೂ ಹೊತ್ತುಕೊಂಡಿದ್ದಳು. ಒಂದೇ ಮನೆಯಲ್ಲಿ, ಒಂದೊಂದು ಕಾಲು ಹಂಚಿಕೊಂಡು ಕುಳಿತು, ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸಿಟ್ಟು ಬರಬೇಕಿತ್ತು. ನನಗೂ ಗೊತ್ತಿತ್ತು ಆಯಿ, ನಾನೇ ಬುಟ್ಟಿ ತುಂಬಿ ಕೊಟ್ಟೆ ಎಂದು ಹೇಳಬೇಕಿತ್ತು. ಯಾವುದೂ ಬರಲಿಲ್ಲ. ಬಾಯಿಗೆ ಬಂದದ್ದು ರೂಢಿಯ ಪ್ರಶ್ನೆ.

"ಗೊತ್ತಾಗ್ತದೇನಾಯಿ?"

"ಇಲ್ಲವ್ವ. ಏನೂ ಗೊತ್ತಾಗಂಗಿಲ್ಲ."

ಆ ಪ್ರಶ್ನೆಗೆ ನನ್ನ ಮನೆಯಲ್ಲಿ ಯಾರಾದರೂ ಖರೆ ಉತ್ತರ ಕೊಟ್ಟದ್ದು ಅದೇ ಮೊದಲು. ಮೂರು ದಿನಕ್ಕೆ ಆಯಿ ಹೋದಳು. ಕಿಣ್ಣಿಗೆ ಒಯ್ದು ಮಣ್ಣು ಮಾಡಿ ಬಂದೆವು.

ಬಂದ ಮರುದಿನ ಬೆಳಿಗ್ಗೆ ಎಣ್ಣೆ ಬಿಸಿ ಮಾಡಿಕೊಂಡು ಅಪ್ಪನ ಕಾಲ ಬುಡದಲ್ಲಿ ಕುಳಿತೆ. ಈಗ ಎರಡೂ ಕಾಲು ನನ್ನವೇ. ಆಯಿ ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಮಣ್ಣಿನ ಮಾತು, ಒರೆಸಿದ ಮಾತು. ನನ್ನದನ್ನೂ ಹೇಳಿದೆ, ಅವನು ಬಂದು ಮಲಗಿದ್ದಕ್ಕೆ ನನಗೆ ಖುಷಿಯಾಗಿತ್ತೆಂದು. ಅಪ್ಪ ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದ. ಕಿಣ್ಣಿಯಿಂದ ತಂದ ಅದೇ ಫೋಟೋ, ಎಣ್ಣೆ ಹೊಗೆ ಹಿಡಿದು ಅಂಚು ಕಂದಿದೆ.

"ಆಯಿ ಒರಸಿದ್ದು ನನಗ ಗೊತ್ತಾಗಿತ್ತು. ಬೆನ್ನಿಗೆ ಆವಾಗ ಎಲ್ಲಾ ಗೊತ್ತಾಗ್ತಿತ್ತಲ್ಲ."

ನಾನು ಬಲಗಾಲಿನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದೆ. ಅಂಗಾಲಿಗೆ ಹೆಬ್ಬೆರಳು ಊರಿದೆ.

"ಗೊತ್ತಾಗ್ತದೇನಪ್ಪ?"

"ಗೊತ್ತಾಗ್ತದವ್ವ."

"ಸುಳ್ಳ ಹೇಳಬ್ಯಾಡ. ಇದೇ ನನ್ನ ಕೆಲಸ. ಮೊಣಕಾಲ ಕೆಳಗ ನಿನಗ ಏನೂ ತಿಳಿಯಂಗಿಲ್ಲ."

ಬೀದಿಯಲ್ಲಿ ಕಾಯಿಪಲ್ಯದ ಗಾಡಿಯವನು ಕೂಗುತ್ತ ಹೋದ. ಅಪ್ಪ ಧೋತರವನ್ನು ಮೊಣಕಾಲಿನ ಮೇಲೆ ಎಳೆದುಕೊಂಡ.

"ಅವತ್ತಿನಿಂದ್ಲೂ ತಿಳಿಯಂಗಿಲ್ಲ."

"ಮತ್ತ ಇಷ್ಟು ವರ್ಷ ದಿನಾ ಯಾಕ ಹೌದು ಅಂತಿದ್ದಿ?"

"ಒಂಬತ್ತು ವರ್ಷದಾಕಿ ನೀ. ಒಂದಿನ ಇಲ್ಲ ಅಂದಿದ್ರ, ಮರುದಿನ ನನ್ನ ಹಂತ್ಯಾಕ ಬರ್ತಿದ್ದಿಲ್ಲ."

ಎಡಗಾಲಿಗೂ ಎಣ್ಣೆ ಹಚ್ಚಿ ಮುಗಿಸಿದೆ. ಹಿಮ್ಮಡಿಗಳಲ್ಲಿ ಹುಣ್ಣಿಲ್ಲವೆಂದು ನೋಡಿದೆ, ಕೆಳಗೆ ಅರಿವೆ ಮಡಿಸಿಟ್ಟೆ. ಮರುದಿನ ಬೆಳಿಗ್ಗೆ ಮತ್ತೆ ಎಣ್ಣೆ ಕಾಯಿಸಿಕೊಂಡು ಹೋಗಿ ಕುಳಿತೆ. ಅಪ್ಪ ಉತ್ತರ ಕೊಡಲು ಬಾಯಿ ತೆರೆದುಕೊಂಡೇ ಕಾದ. ನಾನು ಕೇಳಲಿಲ್ಲ, ತಿಕ್ಕಿದೆ.